ಕಲಬುರಗಿ ಬಿಸಿಲಿನಲ್ಲಿ ಬೀದಿ ಫೋಟೋ: ನಾನು ತೆಗೆಯುವ ರೀತಿ

ನಮ್ಮ ಊರಲ್ಲಿ ಬೀದಿ ಫೋಟೋ ಕಲಿಯುವವರು ಮೊದಲು ಬಿಸಿಲನ್ನು ಕಲಿಯಬೇಕು. ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಕಣ್ಣಿನ ಗುಳಿ ಕಪ್ಪಾಗಿ ಮುಖ ಕೆಡುತ್ತದೆ. ಸೂರ್ಯ ಹುಟ್ಟಿದ ಮೇಲಿನ ಎರಡು ತಾಸು ನನಗೆ ಸಾಕು. ಆಮೇಲೂ ತೆಗೆಯಬೇಕೆಂದರೆ ಸೂಪರ್ ಮಾರ್ಕೆಟ್ ಎಂಬ ನಮ್ಮೂರಿನ ಪೇಟೆಯಲ್ಲಿ ಅಂಗಡಿ ತಾಡಪತ್ರಿಯ ನೆರಳು ಮುಗಿಯುವ ಗೆರೆ ಹುಡುಕಿ ಅಲ್ಲೇ ನಿಲ್ಲುತ್ತೇನೆ. ಜನ ನೆರಳಿನಿಂದ ಬಿಸಿಲಿಗೆ ಬಂದು ಹೆಜ್ಜೆಯಿಡುವಾಗ ಹಿಂದಿನದೆಲ್ಲ ಕಪ್ಪಾಗಿ ಆ ಮನುಷ್ಯ ಮಾತ್ರ ಎದ್ದು ಕಾಣುತ್ತಾನೆ.

ಮೊದಲು ಜಾಗ, ಆಮೇಲೆ ಮನುಷ್ಯ ಎಂಬ ಈ ಕಾಯುವ ಕ್ರಮವನ್ನು ಫ್ರಾನ್ಸಿನ ಛಾಯಾಗ್ರಾಹಕ ಕಾರ್ಟಿಯೇ ಬ್ರೆಸ್ಸೋನ್ ಚಿತ್ರಗಳಿಂದ ಕಲಿತೆ. ಬಣ್ಣಕ್ಕೆ ಹೆದರಬಾರದೆಂದು ತೋರಿಸಿದ್ದು ಭಾರತದ ಬೀದಿಗಳನ್ನು ಬಣ್ಣದಲ್ಲಿ ತೆಗೆದ ರಘುಬೀರ್ ಸಿಂಗ್. ನಮ್ಮ ಮೈಸೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳಲ್ಲಿ ಬಡವರೂ ಮಕ್ಕಳೂ ಘನತೆಯಿಂದ ನಿಂತಿರುತ್ತಾರೆ. ನನಗೆ ಎಲ್ಲಕ್ಕಿಂತ ದೊಡ್ಡ ಪಾಠ ಅದೇ.

ಹೊಸಬರಿಗೆ ಕ್ಯಾಮೆರಾದ ಜೊತೆ ಬರುವ 18-55 ಮಿ.ಮೀ. ಜೂಮ್ ಲೆನ್ಸೇ ಸಾಕು. ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಸಣ್ಣ ಸೆನ್ಸರ್‌ನ) ಕ್ಯಾಮೆರಾದಲ್ಲಿ ಜೂಮ್ 18ಕ್ಕೆ ಇಟ್ಟು, ಲೆನ್ಸ್ ಕಿಂಡಿ (ಅಪರ್ಚರ್) ಎಫ್8 ಮಾಡಿ, ಎರಡು ಮೀಟರ್ ದೂರದ ಕಂಬಕ್ಕೆ ಫೋಕಸ್ ಹಿಡಿದು ಮ್ಯಾನುಯಲ್ ಫೋಕಸ್‌ಗೆ ಬದಲಿಸಿ. ಹೆಚ್ಚುಕಮ್ಮಿ ಒಂದು ಮೀಟರ್‌ನಿಂದ ದೂರದವರೆಗೆ ಎಲ್ಲವೂ ಸ್ಪಷ್ಟ ಬರುತ್ತದೆ, ಫೋಕಸ್‌ಗಾಗಿ ಕಾಯುವುದೇ ಇಲ್ಲ. ಕೆಡುವುದು ಎರಡು ಕಡೆ: ನಡೆಯುವಾಗ ಬೆರಳು ತಗುಲಿ ಜೂಮ್ ಸರಿಯುತ್ತದೆ, ಅದಕ್ಕೆ ಸಣ್ಣ ಟೇಪ್ ಅಂಟಿಸಿ. ಇನ್ನು ಕೆಲವು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳು ಆಫ್ ಆದೊಡನೆ ಫೋಕಸ್ ಮರೆಯುತ್ತವೆ, ಮತ್ತೆ ಹಿಡಿಯಬೇಕು.

ಚೌಕಟ್ಟಿನಲ್ಲಿ ಕಪ್ಪು ಹೆಚ್ಚಿದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸ ಹೋಗಿ ಬೆಳಕು ಏರಿಸುತ್ತದೆ. ಬಿಳಿ ಧೋತರ, ಬಿಳಿ ರುಮಾಲಿನ ಮಡಿಕೆಗಳೆಲ್ಲ ಅಳಿಸಿಹೋಗುತ್ತವೆ, ಆಮೇಲೆ ಯಾವ ಸಾಫ್ಟ್‌ವೇರ್‌ಗೂ ಅವು ಸಿಗುವುದಿಲ್ಲ. ಅದಕ್ಕೇ ಚುರುಕು ಬಿಸಿಲಿಗೆ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 400, ಎಫ್8, ಶಟರ್ 1/1600 ಸೆಕೆಂಡ್ ಎಂದು ಕೈಯಾರೆ ಇಟ್ಟು ಬಿಟ್ಟುಬಿಡುತ್ತೇನೆ. ಮೊಬೈಲ್‌ನವರು ಬಿಸಿಲಿನ ಭಾಗದ ಮೇಲೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ, ಬೆಳಕು ತುಸು ಇಳಿಸಿ.

ಖಾನಾವಳಿ ಒಳಗಿನ ಲೆಕ್ಕವೇ ಬೇರೆ. ಜೋಳದ ರೊಟ್ಟಿ ಬಡಿಯುವ ಕೈ, ಬಾಗಿಲ ಬೆಳಕಿಗೆ ಹೊಗೆಯಂತೆ ಏಳುವ ಹಿಟ್ಟು: ಬೆಳಕಿಗೆ ಎದುರಾಗಿ, ಕಪ್ಪು ಗೋಡೆ ಹಿಂದೆ ಬರುವಂತೆ ನಿಂತರೆ ಮಾತ್ರ ಆ ಹಿಟ್ಟು ಕಾಣುತ್ತದೆ. ಐಎಸ್‌ಒ 1600, ಎಫ್4, ಶಟರ್ 1/100. ಬಡಿಯುವ ಅಂಗೈ ಕೊಂಚ ಅಲುಗುತ್ತದೆ, ಅಲುಗಲಿ, ಕೆಲಸದ ವೇಗ ಅದರಲ್ಲೇ ಇದೆ. ಶಟರ್ ವೇಗ ಇದಕ್ಕಿಂತ ಹೆಚ್ಚಿಸಿದರೆ ಅಗ್ಗದ ಎಲ್‌ಇಡಿ ದೀಪದ ಕೆಳಗೆ ಅಡ್ಡ ಪಟ್ಟೆ ಬೀಳುತ್ತವೆ, ಏಕೆಂದರೆ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ.

ಇಷ್ಟು ಹತ್ತಿರ ಹೋಗುವಾಗ ಮೊದಲೇ ಕೇಳುತ್ತೇನೆ: "ಯವ್ವಾ, ಒಂದ್ ಫೋಟೋ ತಗೀಲೇನ್ರಿ?" ಬ್ಯಾಡ ಅಂದರೆ ಮುಗೀತು. ಬೀದಿಯಲ್ಲಿ ಕೇಳದೆ ತೆಗೆದದ್ದಕ್ಕೆ ಯಾರಾದರೂ ಮುಖ ಸಿಂಡರಿಸಿದರೆ ಅವರೆದುರೇ ಅಳಿಸುತ್ತೇನೆ. ಬಂದೇ ನವಾಜ್ ದರ್ಗಾದ ಆವರಣದಲ್ಲಿ ಪ್ರಾರ್ಥಿಸುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದಿಲ್ಲ. ಹೊರಗಿನ ದಾರಿಯಲ್ಲಿ ಹೂವು, ಅತ್ತರು ಮಾರುವವರ ಹತ್ತಿರ ನಿಂತರೂ ಬೇಕಾದಷ್ಟು ಸಿಗುತ್ತದೆ.