ಅರೀತಾ ಫ್ರಾಂಕ್ಲಿನ್ ಅವರ 1967ರ ಆಲ್ಬಂ: ಕೇಳುವ ಬಗೆ, ಅಭಿಪ್ರಾಯ ಬರೆಯುವ ಬಗೆ

ಚರ್ಚಿನ ಭಕ್ತಿಗಾಯನದ ಧಾಟಿ ಬೆರೆತ ಸೋಲ್ ಸಂಗೀತದ ಅಮೆರಿಕನ್ ಗಾಯಕಿ ಅರೀತಾ ಫ್ರಾಂಕ್ಲಿನ್ ಅವರ ‘ಐ ನೆವರ್ ಲವ್ಡ್ ಎ ಮ್ಯಾನ್ ದ ವೇ ಐ ಲವ್ ಯೂ’ ಆಲ್ಬಂ 1967ರ ಮಾರ್ಚ್ 10ರಂದು ಅಟ್ಲಾಂಟಿಕ್ ರೆಕಾರ್ಡ್ಸ್‌ನಿಂದ ಬಿಡುಗಡೆಯಾಯಿತು. ಆ ತಿಂಗಳ 25ಕ್ಕೆ ಅವರಿಗೆ 25 ವರ್ಷ ತುಂಬಿತು. ಈ ಆಲ್ಬಂ ಕುರಿತು ಕೇಳುಗರು ಬರೆಯುವ ಅಭಿಪ್ರಾಯಗಳಲ್ಲಿ ಹೆಚ್ಚಿನವು ‘ಅದ್ಭುತ ಕಂಠ’, ‘ಸೋಲ್ ಸಂಗೀತದ ರಾಣಿ’, ‘ಎಂದೂ ಹಳತಾಗದ ಹಾಡುಗಳು’ ಎಂಬ ಮಾತುಗಳಲ್ಲೇ ಮುಗಿದುಬಿಡುತ್ತವೆ. ಇವು ಸುಳ್ಳಲ್ಲ, ಆದರೆ ಅವರ ಯಾವ ಆಲ್ಬಂಗಾದರೂ ಇವೇ ಮಾತುಗಳನ್ನು ಅಂಟಿಸಬಹುದು. ಈ ಒಂದು ಆಲ್ಬಂನಲ್ಲಿ ಮಾತ್ರ ಕೇಳಿಸುವ ಸಂಗತಿಯನ್ನು ಗುರುತಿಸಿ, ಅದು ಯಾವ ಹಾಡಿನ ಯಾವ ಜಾಗದಲ್ಲಿ ಕೇಳಿಸುತ್ತದೆ ಎಂದು ಹೇಳಬಲ್ಲ ಅಭಿಪ್ರಾಯವನ್ನು ರೂಪಿಸಿಕೊಳ್ಳುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಮೊದಲು ಹಿನ್ನೆಲೆಯನ್ನು ಅಗತ್ಯವಿರುವಷ್ಟು ತಿಳಿದುಕೊಳ್ಳಬೇಕು. ಅರೀತಾ ಬೆಳೆದದ್ದು ಡೆಟ್ರಾಯಿಟ್‌ನಲ್ಲಿ, ತಂದೆ ಸಿ. ಎಲ್. ಫ್ರಾಂಕ್ಲಿನ್ ಪಾದ್ರಿಯಾಗಿದ್ದ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಗಾಸ್ಪೆಲ್ (ಕ್ರೈಸ್ತ ಭಕ್ತಿಗೀತೆ) ಗಾಯನದ ನಡುವೆ. 1960ರ ದಶಕದ ಮೊದಲ ಕೆಲವು ವರ್ಷಗಳು ಅವರು ಕೊಲಂಬಿಯಾ ಕಂಪನಿಗೆ ಹಾಡಿದರು. ಅಲ್ಲಿ ಜಾಝ್ ಮತ್ತು ರಂಗಗೀತೆಗಳ ಧಾಟಿಯ ಹಾಡುಗಳಿಗೆ ದೊಡ್ಡ ವಾದ್ಯವೃಂದದ ಹಿಮ್ಮೇಳವನ್ನು ಕೂಡಿಸುವ ಕ್ರಮವಿತ್ತು. ಅಟ್ಲಾಂಟಿಕ್‌ನ ನಿರ್ಮಾಪಕ ಜೆರ್ರಿ ವೆಕ್ಸ್ಲರ್, ಅರೀತಾ ಅವರನ್ನು ಅಲಬಾಮಾದ ಮಸಲ್ ಶೋಲ್ಸ್‌ನ ಫೇಮ್ ಸ್ಟುಡಿಯೋಗೆ ಕರೆದೊಯ್ದು ಪಿಯಾನೋದ ಮುಂದೆ ಕೂರಿಸಿದರು. ಕೊಲಂಬಿಯಾದಲ್ಲಿ ಅರೀತಾ ಪಿಯಾನೋ ಮುಟ್ಟಿರಲಿಲ್ಲ ಎಂದಲ್ಲ. ಆದರೆ ಅವರ ಪಿಯಾನೋವನ್ನೇ ನಡುವಿಗಿಟ್ಟು ಉಳಿದ ವಾದ್ಯಗಳನ್ನು ಅದರ ಸುತ್ತ ಕಟ್ಟುವ ಪದ್ಧತಿ ಇಲ್ಲಿ ಬೇರೂರಿತು. ನನ್ನ ದೃಷ್ಟಿಯಲ್ಲಿ ಈ ಆಲ್ಬಂನ ಕೀಲಿ ಇರುವುದು ಇಲ್ಲಿಯೇ. ಕಂಠವನ್ನು ಹೊಗಳುವ ಮೊದಲು ಆ ಕಂಠದ ಒಡತಿಯ ಬೆರಳುಗಳು ಏನು ಮಾಡುತ್ತಿವೆ ಎಂದು ಕೇಳಿಸಿಕೊಂಡವರ ಮಾತಿಗೆ ತೂಕ ಹೆಚ್ಚು.

ಕೇಳಲು ಕೂರುವಾಗ ‘ರೆಸ್ಪೆಕ್ಟ್’ ಹಾಡಿನಿಂದ ಆರಂಭಿಸಬೇಡಿ. ಆಲ್ಬಂ ಆರಂಭವಾಗುವುದು ಅದರಿಂದಲೇ ಆದರೂ, ಜಾಹೀರಾತುಗಳಲ್ಲಿ, ಸಿನಿಮಾಗಳಲ್ಲಿ, ಸಭೆ ಸಮಾರಂಭಗಳಲ್ಲಿ ಅದು ಎಷ್ಟು ಬಳಕೆಯಾಗಿದೆಯೆಂದರೆ ಕಿವಿ ಅದನ್ನು ಕೇಳುವ ಬದಲು ನೆನಪಿಸಿಕೊಳ್ಳುತ್ತದೆ. ಮೊದಲ ಸಲ ಮೂರನೆಯ ಹಾಡಾದ ಶೀರ್ಷಿಕೆಗೀತೆಯಿಂದ ಹೊರಡಿ. 1967ರ ಜನವರಿ 24ರಂದು ಮಸಲ್ ಶೋಲ್ಸ್‌ನಲ್ಲಿ ಪೂರ್ಣವಾಗಿ ಮುಗಿದ ಹಾಡು ಇದೊಂದೇ. ಮೊದಲು ಕೇಳಿಸುವುದು ಸ್ಪೂನರ್ ಓಲ್ಡ್‌ಹ್ಯಾಮ್ ಎಲೆಕ್ಟ್ರಿಕ್ ಪಿಯಾನೋದಲ್ಲಿ ನುಡಿಸಿದ ತುಸು ಮಂಕಾದ, ತೂಗಾಡುವ ಸ್ವರಗುಚ್ಛ. ಅದರ ಮೇಲೆ ಅರೀತಾ ಅವರ ಧ್ವನಿ ಹೆಚ್ಚಿನ ವಾದ್ಯಬಲವಿಲ್ಲದೆ ಪ್ರವೇಶಿಸುತ್ತದೆ. ಲಯ ಮೂರು ಮೂರರ ನಡೆಯಲ್ಲಿ ನಿಧಾನವಾಗಿ ಸಾಗುತ್ತದೆ. ಶೀರ್ಷಿಕೆಯ ಸಾಲು ಬರುವ ಜಾಗದಲ್ಲಿ ವಾದ್ಯಗಳು ಹಿಂದೆ ಸರಿದು ಧ್ವನಿಯೊಂದನ್ನೇ ಬಿಟ್ಟುಕೊಡುತ್ತವೆ, ಮರುಕ್ಷಣವೇ ಮತ್ತೆ ಕೂಡಿಕೊಳ್ಳುತ್ತವೆ. ಮೋಸಗಾರನೆಂದು ತಿಳಿದೂ ಅವನನ್ನು ಬಿಡಲಾಗದ ಹೆಣ್ಣಿನ ಮಾತು ಆ ಖಾಲಿ ಜಾಗದಲ್ಲಿ ಎಷ್ಟು ಸ್ಪಷ್ಟವಾಗಿ ತಾಗುತ್ತದೆ ಎಂಬುದನ್ನು ಗಮನಿಸಿ, ಅದು ನಡೆಯುವ ಜಾಗವನ್ನು ನಿಮಿಷ ಸೆಕೆಂಡುಗಳ ಸಮೇತ ಗುರುತು ಹಾಕಿಕೊಳ್ಳಿ. ಹೀಗೆ ಹಾಡಿಗೆ ಒಂದೋ ಎರಡೋ ಗುರುತುಗಳಿದ್ದರೆ ಬರೆಯಲು ಕೂತಾಗ ವಿಶೇಷಣಗಳಿಗಾಗಿ ತಡಕಾಡಬೇಕಾಗುವುದಿಲ್ಲ.

ಅದೇ ದಿನ ಆರಂಭವಾದ ಎರಡನೆಯ ಹಾಡು ‘ಡೂ ರೈಟ್ ವುಮನ್, ಡೂ ರೈಟ್ ಮ್ಯಾನ್’. ಸ್ಟುಡಿಯೋದಲ್ಲಿ ಕುಡಿತ ಮತ್ತು ಮಾತಿನ ಚಕಮಕಿಯಿಂದ ಜಗಳ ಹತ್ತಿಕೊಂಡಿತು. ಅರೀತಾ ಅವರ ಆಗಿನ ಪತಿ ಟೆಡ್ ವೈಟ್ ಕೂಡ ಅದರಲ್ಲಿ ಸೇರಿದ್ದರು. ಅಲ್ಲಿಗೆ ಮಸಲ್ ಶೋಲ್ಸ್‌ನ ಕೆಲಸ ನಿಂತುಹೋಯಿತು. ಅರ್ಧದಲ್ಲಿ ಉಳಿದ ಈ ಹಾಡು ನ್ಯೂಯಾರ್ಕ್‌ನಲ್ಲಿ ಪೂರ್ಣಗೊಂಡಿತು. ಪಿಯಾನೋ, ಆರ್ಗನ್ ಎರಡನ್ನೂ ಅರೀತಾ ಅವರೇ ನುಡಿಸಿ ಸೇರಿಸಿದರು. ವೆಕ್ಸ್ಲರ್ ಅಲಬಾಮಾದ ವಾದಕರನ್ನೇ ನ್ಯೂಯಾರ್ಕಿಗೆ ಕರೆಸಿ ಉಳಿದ ಹಾಡುಗಳನ್ನು ಮುಗಿಸಿದರು. ಈ ಜಗಳದ ಕಥೆ ಸ್ವಾರಸ್ಯಕರವಾದುದರಿಂದ ಅನೇಕರು ಅಭಿಪ್ರಾಯದ ಬಹುಪಾಲನ್ನು ಅದಕ್ಕೇ ಮೀಸಲಿಡುತ್ತಾರೆ. ಕಥೆಯನ್ನು ಹೇಳಿ, ಆದರೆ ಒಂದೆರಡು ವಾಕ್ಯಗಳಲ್ಲಿ ಮುಗಿಸಿ, ಅದರ ಫಲವಾಗಿ ಹಾಡಿನಲ್ಲಿ ಏನಾಯಿತು ಎಂಬುದಕ್ಕೆ ಬನ್ನಿ: ವಾದ್ಯಗಳು ಎಷ್ಟು ವಿರಳವಾಗಿವೆ, ಆರ್ಗನ್ ಎಷ್ಟು ತಗ್ಗಿನಲ್ಲಿ ನಿಂತು ಶ್ರುತಿಯಂತೆ ಧ್ವನಿಯನ್ನು ಎತ್ತಿಹಿಡಿದಿದೆ ಎಂಬುದನ್ನು ಓದುಗರಿಗೆ ತೋರಿಸಿ.

ಇಷ್ಟಾದ ಮೇಲೆ ‘ರೆಸ್ಪೆಕ್ಟ್’ ಹಾಡಿಗೆ ಹಿಂದಿರುಗಬಹುದು. ಅದನ್ನು ಬರೆದು 1965ರಲ್ಲಿ ಮೊದಲು ಹಾಡಿದವರು ಓಟಿಸ್ ರೆಡ್ಡಿಂಗ್. ಅವರ ಹಾಡಿನಲ್ಲಿ ದುಡಿದು ಮನೆಗೆ ಬಂದ ಗಂಡಸು ಮರ್ಯಾದೆ ಕೇಳುತ್ತಾನೆ. ಅರೀತಾ ಅವರಲ್ಲಿ ಕೇಳುವವಳು ಹೆಣ್ಣು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಇದಕ್ಕಿಂತ ಮುಂದೆ ಹೋಗಲು ಎರಡೂ ಹಾಡುಗಳನ್ನು ಒಂದರ ಬೆನ್ನಿಗೆ ಒಂದರಂತೆ ಕೇಳಬೇಕು. ಶೀರ್ಷಿಕೆಯ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವ ಭಾಗ ರೆಡ್ಡಿಂಗ್ ಅವರಲ್ಲಿ ಇಲ್ಲ. ಕಿಂಗ್ ಕರ್ಟಿಸ್ ಅವರ ಸ್ಯಾಕ್ಸೊಫೋನ್ ಬರುವ ನಡುಭಾಗವೂ ಮೂಲದಲ್ಲಿ ಇಲ್ಲ. ಅದರ ಸ್ವರಮೇಳವನ್ನು ಸ್ಯಾಮ್ ಅಂಡ್ ಡೇವ್ ಎಂಬ ಗಾಯಕ ಜೋಡಿಯ ಬೇರೊಂದು ಹಾಡಿನಿಂದ ತೆಗೆದುಕೊಳ್ಳಲಾಗಿದೆ. ಅಷ್ಟೊಂದು ಪ್ರಸಿದ್ಧವಾದ ಆ ಅಕ್ಷರಗಳ ಭಾಗ ಎರಡೂವರೆ ನಿಮಿಷದೊಳಗಿನ ಹಾಡಿನಲ್ಲಿ ಬರುವುದು ಕೊನೆಯ ಹಂತದಲ್ಲಿ ಎಂಬುದನ್ನು ಗಮನಿಸಿದವರು ಕಡಿಮೆ. ಆ ಹೊತ್ತಿಗೆ ಹಿಮ್ಮೇಳ ಮತ್ತು ಲಯ ಸೇರಿ ಒತ್ತಡವನ್ನು ಎಷ್ಟು ಹೆಚ್ಚಿಸಿವೆಯೆಂದರೆ, ವಾದ್ಯಗಳು ತಡೆದು ನಿಂತಾಗ ಅಕ್ಷರಗಳು ಸಿಡಿದಂತೆ ಹೊರಬರುತ್ತವೆ.

ಹಿಮ್ಮೇಳದ ಧ್ವನಿಗಳಿಗಾಗಿಯೇ ಆಲ್ಬಂ ಅನ್ನು ಇನ್ನೊಂದು ಸಲ ಪೂರ್ತಿಯಾಗಿ ಕೇಳುವುದು ಅಗತ್ಯ. ‘ರೆಸ್ಪೆಕ್ಟ್’ನಲ್ಲಿ ಹಾಡಿದವರು ಅರೀತಾ ಅವರ ಸಹೋದರಿಯರಾದ ಅರ್ಮಾ ಮತ್ತು ಕ್ಯಾರೊಲಿನ್. ನಮ್ಮ ಭಜನೆಯಲ್ಲಿ ಮುಂದಾಳು ಹೇಳಿದ ಸಾಲನ್ನೇ ಗುಂಪು ತಿರುಗಿ ಹೇಳುವ ರೂಢಿಗೆ ಒಗ್ಗಿದ ಕಿವಿ ಇದನ್ನೂ ಹಾಗೆಯೇ ಕೇಳಿಸಿಕೊಳ್ಳಬಹುದು. ಆದರೆ ಇಲ್ಲಿ ಹಿಮ್ಮೇಳ ಸಾಲನ್ನು ಪುನರುಚ್ಚರಿಸಿ ಸುಮ್ಮನಾಗುವುದಿಲ್ಲ. ಅದು ಉತ್ತರ ಕೊಡುತ್ತದೆ, ಒತ್ತಾಯಿಸುತ್ತದೆ, ನಡುವೆ ಬಾಯಿ ಹಾಕುತ್ತದೆ. ಒಬ್ಬಳ ದೂರು ಹೆಂಗಸರ ಗುಂಪಿನ ದೂರಾಗುವುದು ಹೀಗೆ. ಈ ಹಾಡು ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟಕ್ಕೂ ಮಹಿಳಾ ಚಳವಳಿಗೂ ದನಿಯಾದದ್ದರ ಕಾರಣವನ್ನು ನೀವು ಹೇಳಬೇಕೆಂದಿದ್ದರೆ, ಸಾಹಿತ್ಯದ ಜೊತೆಗೆ ಈ ಧ್ವನಿಗಳ ಜೋಡಣೆಯನ್ನೂ ಸಾಕ್ಷಿಯಾಗಿ ಕೊಡಿ.

ಆಲ್ಬಂನ ಬಗ್ಗೆ ಇತರರು ಹೇಳಿರುವುದನ್ನು ಓದುವುದು ಇದರ ನಂತರದ ಕೆಲಸ. ಜನಪ್ರಿಯತೆಯ ಅಂಕಿಅಂಶಗಳನ್ನು ಹೆಚ್ಚು ನೆಚ್ಚಬೇಡಿ. ‘ರೆಸ್ಪೆಕ್ಟ್’ 1967ರ ಜೂನ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಪಾಪ್ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಇದು ಹಾಡಿನ ವ್ಯಾಪ್ತಿಯನ್ನು ತಿಳಿಸುತ್ತದೆಯೇ ಹೊರತು ಉಳಿದ ಹತ್ತು ಹಾಡುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಪದೇಪದೇ ಕೇಳಿಬರುವ ಆಕ್ಷೇಪವೊಂದಿದೆ: ಇದರಲ್ಲಿ ಬೇರೆಯವರು ಮೊದಲೇ ಹಾಡಿದ ಹಾಡುಗಳು ಹೆಚ್ಚಾಗಿವೆ, ಆದ್ದರಿಂದ ಆಲ್ಬಂ ಸ್ವಂತದ್ದೆನಿಸುವುದಿಲ್ಲ ಎಂಬುದು. ಈ ಆಕ್ಷೇಪವನ್ನು ಸಾರಾಸಗಟಾಗಿ ತಳ್ಳಿಹಾಕದೆ ಹಾಡು ಹಾಡಾಗಿ ಪರಿಶೀಲಿಸಬೇಕು. ಗಾಯಕ ಸ್ಯಾಮ್ ಕುಕ್ ಅವರ ‘ಗುಡ್ ಟೈಮ್ಸ್’ ಇಲ್ಲಿ ಹಗುರವಾಗಿ ಹಾದುಹೋಗುತ್ತದೆ, ಮೂಲಕ್ಕಿಂತ ಹೆಚ್ಚಿನದನ್ನು ಕೊಡುವುದಿಲ್ಲ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಕೊನೆಯ ಹಾಡಾದ, ಕುಕ್ ಅವರದ್ದೇ ಆದ ‘ಎ ಚೇಂಜ್ ಈಸ್ ಗಾನಾ ಕಮ್’ಗೆ ಈ ಆಕ್ಷೇಪ ಸಲ್ಲುವುದಿಲ್ಲ. ಕುಕ್ 1964ರ ಡಿಸೆಂಬರಿನಲ್ಲಿ ಗುಂಡೇಟಿಗೆ ಬಲಿಯಾಗಿದ್ದರು. ಅವರ ಧ್ವನಿಮುದ್ರಿಕೆಯಲ್ಲಿ ತಂತಿವಾದ್ಯಗಳ ದೊಡ್ಡ ಮೇಳವಿದೆ. ಅರೀತಾ ಅದನ್ನೆಲ್ಲ ಕಳಚಿ ಚರ್ಚಿನ ಧಾಟಿಗೆ ತಂದು, ಹಳೆಯ ಗೆಳೆಯನೊಬ್ಬ ಹೇಳಿದ್ದನ್ನು ಕೇಳಿದ್ದೆ ಎಂಬರ್ಥದ ಪೀಠಿಕೆಯನ್ನು ತಾವೇ ಸೇರಿಸಿ ಹಾಡುತ್ತಾರೆ. ಅಲ್ಲಿಂದ ಮುಂದಿನ ಪ್ರತಿಯೊಂದು ಸಾಲೂ ಅಗಲಿದವನ ಮಾತನ್ನು ಉಳಿದವರು ಎತ್ತಿಕೊಂಡಂತೆ ಕೇಳಿಸುತ್ತದೆ.

ಅರೀತಾ ತಾವೇ ಬರೆದ ಅಥವಾ ಜೊತೆಗೂಡಿ ಬರೆದ ಹಾಡುಗಳನ್ನು ಬೇರೆಯಾಗಿ ತೂಗಿ ನೋಡಿ. ‘ಡಾಕ್ಟರ್ ಫೀಲ್‌ಗುಡ್’ ಅವುಗಳಲ್ಲಿ ಹಿರಿದು. ನಿಧಾನಗತಿಯ ಬ್ಲೂಸ್ ಚೌಕಟ್ಟಿನಲ್ಲಿ ಅವರು ಹಾಡಿನ ಸಾಲನ್ನು ನಿಲ್ಲಿಸಿದಲ್ಲಿ ಪಿಯಾನೋ ಮಾತು ಮುಂದುವರಿಸುತ್ತದೆ. ಹಾಡುವವರೂ ನುಡಿಸುವವರೂ ಒಬ್ಬರೇ ಆದಾಗ ಮಾತ್ರ ಸಾಧ್ಯವಾಗುವ ಹೊಂದಿಕೆ ಇದು, ಮತ್ತು ವಿಷಯ ಪೂರ್ಣ ಲೌಕಿಕವಾಗಿದ್ದರೂ ಧಾಟಿ ಪ್ರಾರ್ಥನಾಸಭೆಯದು. ‘ಡೋಂಟ್ ಲೆಟ್ ಮಿ ಲೂಸ್ ದಿಸ್ ಡ್ರೀಮ್’ ಬ್ರೆಜಿಲ್ ಕಡೆಯ ಲಯದ ನೆರಳಿರುವ ಹಾಡು. ಅದನ್ನು ಕಡೆಗಣಿಸುವವರು ಹೆಚ್ಚು, ನನಗಂತೂ ಅದು ಬಹಳ ಪ್ರಿಯ. ‘ಸೋಲ್ ಸೆರೆನೇಡ್’ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲದಿದ್ದರೆ ಹೇಳದೆ ಬಿಡಿ. ಹನ್ನೊಂದು ಹಾಡುಗಳಿಗೂ ಸಮನಾಗಿ ಮಾತು ಹಂಚಬೇಕೆಂಬ ನಿಯಮವಿಲ್ಲ.

ಯಾವ ಪ್ರತಿಯನ್ನು ಕೇಳಿದಿರಿ ಎಂಬುದನ್ನು ತಪ್ಪದೆ ನಮೂದಿಸಿ. ಆಲ್ಬಂ ಮೋನೋ, ಸ್ಟೀರಿಯೋ ಎರಡೂ ರೂಪಗಳಲ್ಲಿ ಬಂದಿದೆ. ಸ್ಟೀರಿಯೋದಲ್ಲಿ ವಾದ್ಯಗಳು ಎಡಬಲಕ್ಕೆ ಹಂಚಿಹೋಗುವುದರಿಂದ ಯಾರು ಏನು ನುಡಿಸುತ್ತಿದ್ದಾರೆ ಎಂದು ಬಿಡಿಸಿ ಕೇಳುವುದು ಸುಲಭ. ಮೋನೋದಲ್ಲಿ ಡ್ರಮ್ಸ್, ಬೇಸ್ (ತಗ್ಗಿನ ಸ್ವರದ ಗಿಟಾರ್) ಮತ್ತು ಧ್ವನಿ ಒಂದೇ ಕಡೆಯಿಂದ ಒಟ್ಟಾಗಿ ಬಂದು ಬಡಿಯುತ್ತವೆ. ‘ಹಿಮ್ಮೇಳ ದೂರವೆನಿಸುತ್ತದೆ’ ಎಂದು ಒಬ್ಬರು, ‘ಮೈಮೇಲೆ ಬಂದಂತಿದೆ’ ಎಂದು ಇನ್ನೊಬ್ಬರು ಬರೆದಾಗ ಇಬ್ಬರೂ ಸರಿಯಾಗಿರಬಹುದು, ಕೇಳಿದ ಪ್ರತಿ ಬೇರೆಯಾಗಿರಬಹುದು. ಫೋನಿನ ಸಣ್ಣ ಸ್ಪೀಕರಿನಲ್ಲಿ ಟಾಮಿ ಕಾಗ್‌ಬಿಲ್ ಅವರ ಬೇಸ್ ಹೆಚ್ಚುಕಡಿಮೆ ಮಾಯವಾಗುತ್ತದೆ, ಹಾಗಾಗಿ ಹೆಡ್‌ಫೋನ್ ಇಲ್ಲದೆ ಲಯದ ಬಗ್ಗೆ ತೀರ್ಪು ಕೊಡುವುದು ಬೇಡ.

ಕೊನೆಗೆ ಹೋಲಿಕೆ. ಅರೀತಾ ಅವರದೇ ಇನ್ನೊಂದು ಆಲ್ಬಂ ‘ಲೇಡಿ ಸೋಲ್’ 1968ರ ಆರಂಭದಲ್ಲಿ ಬಂದಿತು. ಅದೇ ಮೇಲು ಎನ್ನುವ ಕೇಳುಗರು ಸಾಕಷ್ಟು ಮಂದಿ ಇದ್ದಾರೆ. ಅದನ್ನೂ ಇದೇ ಕ್ರಮದಲ್ಲಿ, ಪಿಯಾನೋ ಮತ್ತು ಹಿಮ್ಮೇಳದ ಗುರುತುಗಳೊಂದಿಗೆ ಕೇಳಿದ ಮೇಲೆಯೇ ಆ ಚರ್ಚೆಗೆ ಇಳಿಯಿರಿ.