ಕರುಳಿಗೆ ಹೋದ ಪಿಗ್‌ಟೇಲ್: ಎಳೆಯದೆ ಬಿಟ್ಟು ಗೆದ್ದ ಅನುಭವ

ಅಪೆಂಡಿಕ್ಸ್ ಒಡೆದು ಹೊಟ್ಟೆಯಲ್ಲಿ ಕೀವು ಕಟ್ಟಿದ್ದ ರೋಗಿ. ಬೇರೆ ಕಡೆ ಪಿಗ್‌ಟೇಲ್ (ಕೀವು ಹೊರತೆಗೆಯಲು ಚರ್ಮದ ಮೂಲಕ ಹಾಕುವ, ತುದಿ ಸುರುಳಿಯಾದ ಟ್ಯೂಬ್) ಹಾಕಿಸಿಕೊಂಡು ಬಂದಿದ್ದರು. ಬ್ಯಾಗಿನಲ್ಲಿ ಕೀವಿಲ್ಲ, ಹಳದಿ ಹಸಿರು ನೀರು, ನಡುನಡುವೆ ಗಾಳಿಗುಳ್ಳೆ. ಟ್ಯೂಬಿಗೆ ನೀರಲ್ಲಿ ಕರಗುವ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಸ್ವಲ್ಪ ಬಿಟ್ಟೆ. ಪರದೆ ಮೇಲೆ ಸಣ್ಣ ಕರುಳಿನ ಮಡಿಕೆಗಳು ಸಾಲಾಗಿ ಮೂಡಿದವು. ಸುರುಳಿ ಕರುಳೊಳಗೇ ಕೂತಿತ್ತು.

ಸರ್ಜನ್ "ಈಗಲೇ ಓಪನ್ ಮಾಡೋಣ" ಅಂದರು. ಜೂನಿಯರ್ "ಎಳೆದುಬಿಡೋಣ ಸರ್" ಅಂದ. ಎರಡೂ ಬೇಡ ಅಂದೆ. ಯಾರೂ ನಂಬಲಿಲ್ಲ.

ಎಳೆಯೋದಂತೂ ಎಲ್ಲಕ್ಕಿಂತ ಅಪಾಯ. ಹಿಂದೆ ಇಂಥದ್ದೇ ಒಬ್ಬರಿಗೆ ಗಾಬರಿಯಲ್ಲಿ ಮಾರನೇ ದಿನವೇ ಟ್ಯೂಬ್ ಕಿತ್ತಿದ್ದರು. ಸಂಜೆ ಹೊತ್ತಿಗೆ ಹೊಟ್ಟೆ ಗಟ್ಟಿಯಾಯಿತು. ರಾತ್ರೋರಾತ್ರಿ ಲ್ಯಾಪರೊಟಮಿ (ಹೊಟ್ಟೆ ಕೊಯ್ದು ಮಾಡುವ ಆಪರೇಷನ್), ಆಮೇಲೆ ಐಸಿಯು. ಬಿಲ್ಲು 3 ಲಕ್ಷದ ಹತ್ತಿರ ಹೋಯಿತು, ಮನೆಯವರು ಒಡವೆ ಅಡವಿಟ್ಟರು. ಟ್ಯೂಬ್ ಇರುವಷ್ಟು ದಿನ ಆ ತೂತಿಗೆ ಅದೇ ಬಿರಡೆ, ಅಲ್ವಾ?

ನಮ್ಮ ರೋಗಿಯ ಹೊಟ್ಟೆ ಮೆತ್ತಗಿತ್ತು, ಬಿಪಿ ಸರಿಯಿತ್ತು, ಸಿಟಿಯಲ್ಲಿ ಸೋರಿಕೆ ಕಾಣಲಿಲ್ಲ. ಪೆರಿಟೊನೈಟಿಸ್ (ಹೊಟ್ಟೆಯ ಒಳಪೊರೆಯ ಉರಿಯೂತ) ಸುಳಿವು ಇದ್ದಿದ್ದರೆ ನಾನೇ ಥಿಯೇಟರಿಗೆ ಕಳಿಸುತ್ತಿದ್ದೆ. ಅಸಲಿ ಕೀವು ಮಾತ್ರ ಹಾಗೇ ಉಳಿದಿತ್ತು. ಬೇರೆ ದಾರಿಯಲ್ಲಿ 10 ಫ್ರೆಂಚ್‌ನ (ಟ್ಯೂಬಿನ ದಪ್ಪದ ಅಳತೆ) ಇನ್ನೊಂದು ಪಿಗ್‌ಟೇಲ್ ಹಾಕಿದೆ. ಹತ್ತಿರ ಹತ್ತಿರ 150 ಎಂಎಲ್ ಬಂತು, ರೂಮೆಲ್ಲ ಗಬ್ಬುನಾತ. ಈ ಎರಡನೇ ಟ್ಯೂಬ್ ಮರೆತರೆ ಜ್ವರ ಇಳಿಯಲ್ಲ, ಬೈಗುಳ ಮೊದಲನೆಯದಕ್ಕೆ ಬೀಳುತ್ತೆ.

ಕರುಳಿನ ಟ್ಯೂಬನ್ನು ಹೊಲಿಗೆ ಹಾಕಿ ಭದ್ರ ಮಾಡಿ, ಆಂಟಿಬಯೋಟಿಕ್ ಮುಂದುವರಿಸಿ ಸುಮ್ನೆ ಕಾದೆ. ಟ್ರ್ಯಾಕ್ಟ್, ಅಂದರೆ ಟ್ಯೂಬಿನ ಸುತ್ತ ಕೂಡಿಕೊಳ್ಳುವ ದಾರಿ, ಗಟ್ಟಿಯಾಗೋಕೆ ಎರಡು ಮೂರು ವಾರ ಬೇಕು. ಶುಗರ್ ಇದ್ದವರಿಗೆ, ಸ್ಟೀರಾಯ್ಡ್ ತಗೊಳ್ಳುವವರಿಗೆ ಇನ್ನೂ ಜಾಸ್ತಿ. ಇನ್ನೊಬ್ಬರಲ್ಲಿ ನಡುವೆ ಟ್ಯೂಬೊಳಗೆ ವೈರ್ ತೂರಿಸಿ, ಅದರ ಮೇಲೆ ಸಣ್ಣ ಸೈಜಿನ ಟ್ಯೂಬಿಗೆ ಬದಲಾಯಿಸಿಯೂ ನೋಡಿದ್ದೇನೆ. ನನಗೇನೂ ಲಾಭ ಕಾಣಲಿಲ್ಲ, ರೋಗಿಗೆ ಎರಡು ಸಾವಿರ ಖರ್ಚಾಯಿತು ಅಷ್ಟೆ.

ಮೂರು ವಾರ ಕಳೆದ ಮೇಲೆ ಕರುಳಿನ ಟ್ಯೂಬನ್ನು ಕ್ಲ್ಯಾಂಪ್ ಹಾಕಿ ಮುಚ್ಚಿದೆವು. ನೋವಿಲ್ಲ, ಜ್ವರವಿಲ್ಲ, ಊಟ ಸೇರುತ್ತಿದೆ. ಮತ್ತೆ ಕಾಂಟ್ರಾಸ್ಟ್ ಬಿಟ್ಟು, ಹೊಟ್ಟೆಯೊಳಗೆ ಎಲ್ಲೂ ಹರಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ತೆಗೆದೆ. ತೆಗೆಯುವಾಗ ಕೈಯಲ್ಲೊಂದು ಚಳಕ ಬೇಕು, ಅದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಹೇಳಿಕೊಡುತ್ತೇನೆ. ಎರಡು ದಿನ ಡ್ರೆಸ್ಸಿಂಗ್ ಒದ್ದೆಯಾಗುತ್ತಿತ್ತು, ಆಮೇಲೆ ತಾನಾಗೇ ಒಣಗಿತು. ಒಟ್ಟು ಖರ್ಚು ನಲವತ್ತು ಸಾವಿರದ ಆಸುಪಾಸು.

ಈಗ ಅದೇ ಸರ್ಜನ್ ಇಂಥ ಕೇಸ್ ಬಂದರೆ ಮೊದಲು ನನಗೆ ಫೋನ್ ಮಾಡುತ್ತಾರೆ. ಮಾಡುವವರು ಒಂದು ನೆನಪಿಡಿ: ಟ್ಯೂಬ್ ತೆಗೆದ ದಿನವೇ ಮನೆಗೆ ಕಳಿಸಬೇಡಿ. ಒಂದು ರಾತ್ರಿ ವಾರ್ಡಿನಲ್ಲಿ ಇಟ್ಟುಕೊಂಡು, ಆಗಾಗ ಹೊಟ್ಟೆ ಮುಟ್ಟಿ ನೋಡಿ.