ಸೊಟ್ಟ ಗೋಡೆಗೆ ಹಲಗೆ ಕೂರಿಸುವುದು ಹೇಗೆ?

ಹಳೇ ಮನೆಯ ಮಣ್ಣಿನ ಗೋಡೆ ನೋಡಲು ನೆಟ್ಟಗೇ ಇರುತ್ತದೆ. ಒಂದು ನೇರ ಹಲಗೆ ಒತ್ತಿ ಹಿಡಿದಾಗ ಬಣ್ಣ ಬಯಲಾಗುತ್ತದೆ. ನಡುವೆ ಹೊಟ್ಟೆ, ಎರಡೂ ತುದಿಯಲ್ಲಿ ಬೆರಳು ತೂರುವಷ್ಟು ಸಂದು. ನಮ್ಮ ಊರಮನೆಯ ಜಗಲಿಗೆ ಮೊದಲ ಸಲ ಪುಸ್ತಕದ ಹಲಗೆ ಹಾಕುವಾಗ ನಾನು ಟೇಪು ಹಿಡಿದು ಆರು ಕಡೆ ಅಳೆದೆ. ಆರು ಚುಕ್ಕಿ ಸೇರಿಸಿ ಕೊಯ್ದೆ. ಕೂರಲಿಲ್ಲ. ಸಂದಿಗೆ ಪುಟ್ಟಿ ಮೆತ್ತಿದೆ; ಒಂದೇ ಮಳೆಗಾಲಕ್ಕೆ ಬಿರುಕು ಬಿಟ್ಟು ಉದುರಿತು. ಆಮೇಲೆ ಬಂದ ಆಚಾರ್ರು ಟೇಪು ಮುಟ್ಟಲೇ ಇಲ್ಲ. ‘ಮಕ್ಕಳ ಕೈವಾರ ಇದ್ರೆ ಕೊಡಿ’ ಅಂದರು.

ಡೊಂಕನ್ನು ಅಳೆಯುವುದಲ್ಲ, ನಕಲು ಮಾಡುವುದು. ಕೆಲಸ ಇಷ್ಟೇ.

ಹಲಗೆ ಕೊನೆಗೆ ಯಾವ ಎತ್ತರದಲ್ಲಿ ಇರಬೇಕೋ ಅಲ್ಲೇ ಇಟ್ಟು ಗುರುತು ಹಾಕಬೇಕು. ಬ್ರಾಕೆಟ್ ಮೊದಲೇ ಹೊಡೆದುಕೊಂಡರೆ ಸುಲಭ. ಅರ್ಧ ಅಡಿ ಮೇಲೆ ಹೋದರೆ ಗೋಡೆಯ ಡೊಂಕು ಬೇರೆಯೇ ಇರುತ್ತದೆ. ರಸಮಟ್ಟ ಇಟ್ಟು ಸಮ ನೋಡಿ. ಗೋಡೆಗೆ ತಾಗಿಸಿ, ಎರಡೂ ತುದಿಯ ಸಂದು ಹೆಚ್ಚುಕಮ್ಮಿ ಒಂದೇ ಇರುವಂತೆ ಹೊಂದಿಸಿ, ಅಲುಗಾಡದಂತೆ ಕ್ಲ್ಯಾಂಪ್ ಹಾಕಿ.

ಈಗ ಎಲ್ಲಕ್ಕಿಂತ ದೊಡ್ಡ ಸಂದು ಎಲ್ಲಿದೆ ನೋಡಿ. ಅದು 14 ಮಿ.ಮೀ. ಇದೆ ಅಂದುಕೊಳ್ಳಿ. ಕೈವಾರವನ್ನು 16ಕ್ಕೆ ಅಗಲಿಸಿ ತಿರುಪು ಬಿಗಿ ಮಾಡಿ. ಕೊಯ್ದ ಮೇಲೆ ಹಲಗೆ ಗೋಡೆಯತ್ತ ಅಷ್ಟು ಹಿಂದಕ್ಕೆ ಹೋಗುತ್ತದೆ. ಹಾಗಾಗಿ 250 ಮಿ.ಮೀ. ಅಗಲ ಬೇಕಿದ್ದರೆ 266ರ ಹಲಗೆಯನ್ನೇ ತಂದಿರಬೇಕು. ನಾನು ಇದನ್ನು ಮರೆತು ಒಂದು ಒಳ್ಳೇ ಹಲಗೆ ಹಾಳು ಮಾಡಿದ್ದೇನೆ.

ಕೈವಾರದ ಮುಳ್ಳು ಗೋಡೆಯ ಮೇಲೆ, ಪೆನ್ಸಿಲ್ ಹಲಗೆಯ ಮೇಲೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ಎಳೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಗೋಡೆ ಬಾಗಿದ ಕಡೆ ಕೈಯೂ ತಾನಾಗಿ ತಿರುಗುತ್ತದೆ. ತಿರುಗಬಾರದು. ಹಲಗೆ ಗೋಡೆಯತ್ತ ನೇರವಾಗಿ ಸರಿಯುತ್ತದೆ ಅಲ್ವಾ? ಕೈವಾರದ ಎರಡು ಕಾಲೂ ಕೊನೇವರೆಗೆ ಅದೇ ದಿಕ್ಕಿಗೇ ಇರಬೇಕು. ಸ್ವಲ್ಪ ಓರೆಯಾದರೂ ಗೆರೆ ತಪ್ಪು. ಗಾಢ ಬಣ್ಣದ ಮರವಾದರೆ ಮೊದಲು ಬಿಳಿ ಟೇಪು ಅಂಟಿಸಿ, ಅದರ ಮೇಲೆ ಗೆರೆ ಬೀಳಲಿ.

ಕೊಯ್ಯುವಾಗ ಗೆರೆಯನ್ನು ಉಳಿಸಿ, ಒಂದು ಮಿ.ಮೀ. ಹೊರಗೆ ಕೊಯ್ಯಿರಿ. ಜಿಗ್ ಸಾ ಎಂಬ ಕರೆಂಟ್ ಗರಗಸ ಇದ್ದರೆ ಅದರ ಸಾಮಾನ್ಯ ಬ್ಲೇಡು ಮೇಲಕ್ಕೆ ಎಳೆಯುವಾಗ ಕತ್ತರಿಸುತ್ತದೆ, ಮೇಲ್ಮೈಯ ಚಕ್ಕೆ ಏಳುತ್ತದೆ. ಆ ಟೇಪು ಅಲ್ಲೂ ಉಪಯೋಗಕ್ಕೆ ಬರುತ್ತದೆ. ಕೈಗರಗಸವೇ ಇರುವುದಾದರೆ ಇಂಚಿಗೊಂದರಂತೆ ಗೆರೆಯ ಹತ್ತಿರದವರೆಗೆ ಕೊಯ್ದು, ಮಧ್ಯದ ತುಂಡುಗಳನ್ನು ಉಳಿಯಿಂದ ಎಬ್ಬಿಸಿ. ಉಳಿದದ್ದು ಅರದ ಕೆಲಸ. ಅಂಚನ್ನು ಸ್ವಲ್ಪ ಒಳಗೆ ಓರೆ ಮಾಡಿ, ಕಣ್ಣಿಗೆ ಬೀಳುವ ಬದಿ ಮಾತ್ರ ಗೋಡೆಗೆ ತಾಗಲಿ. ಹಲಗೆ ಸೊಂಟದ ಎತ್ತರದಲ್ಲಿದ್ದರೆ ಕಾಣುವುದು ಮೇಲಿನ ಅಂಚು. ತಲೆಗಿಂತ ಮೇಲಿದ್ದರೆ ಕೆಳಗಿನದು.

ಸುಣ್ಣದ ಗೋಡೆಯಾದರೆ ಒಂದು ಲಾಭ ಇದೆ. ಹಲಗೆ ಒತ್ತಿ, ಒಂಚೂರು ಆಡಿಸಿ, ಹೊರಗೆ ತೆಗೆಯಿರಿ. ಎಲ್ಲಿ ಬಿಳಿ ಅಂಟಿದೆಯೋ ಅಲ್ಲಿ ಮಾತ್ರ ಮರ ತಾಗುತ್ತಿದೆ. ಅಷ್ಟನ್ನೇ ಉಜ್ಜಿ, ಮತ್ತೆ ಒತ್ತಿ. ಮೊದಲ ಸಲ ಎರಡೇ ಕಡೆ ಬಿಳಿ. ನಾಲ್ಕೈದು ಸಲ ಆದ ಮೇಲೆ ಅಂಚಿನುದ್ದಕ್ಕೂ ಬಿಳಿ ಗೆರೆ ಮೂಡುತ್ತದೆ. ಅಲ್ಲಿಗೆ ನಿಲ್ಲಿಸಿ. 80ರ ಉಪ್ಪು ಕಾಗದ ಸಾಕು, ಇದು ಯಾರೂ ನೋಡದ ಅಂಚು.

ದುಂಡು ಕಂಬಕ್ಕೆ ಕೈವಾರ ಸುಮ್ನೆ ದಂಡ. ಕಂಬದ ಪಕ್ಕಗಳು ಹಲಗೆ ಸರಿಯುವ ದಿಕ್ಕಿಗೇ ತಿರುಗಿಬಿಡುತ್ತವೆ, ಅಲ್ಲಿ ಮುಳ್ಳಿಗೆ ಹಿಡಿತ ಸಿಗದು. ದಾರ ಸುತ್ತಿ ನೋಡಬಹುದು. ಸುತ್ತಳತೆ 66 ಸೆಂ.ಮೀ. ಬಂದರೆ ಅಡ್ಡಳತೆ 21. ಆದರೆ ಹಳೇ ಹಲಸಿನ ಕಂಬ ಪೂರ್ತಿ ದುಂಡಗೆ ಇರುವುದು ಅಪರೂಪ. ಹಳೇ ಲಗ್ನಪತ್ರಿಕೆಗಳನ್ನು ಒಂದು ಸೆಂ.ಮೀ. ಅಗಲದ ಪಟ್ಟಿ ಮಾಡಿ. ಕಂಬದ ಮುಂದೆ ರಟ್ಟು ಹಿಡಿದು, ಒಂದೊಂದೇ ಪಟ್ಟಿಯನ್ನು ಕಂಬಕ್ಕೆ ತಾಗುವ ತನಕ ತಳ್ಳಿ, ರಟ್ಟಿಗೆ ಟೇಪು ಹಾಕಿ. ಪಟ್ಟಿಗಳ ತುದಿಗಳೇ ಕಂಬದ ಆಕಾರ. ಅದನ್ನು ಇನ್ನೊಂದು ರಟ್ಟಿಗೆ ಇಳಿಸಿ, ಕತ್ತರಿಸಿ, ಕಂಬಕ್ಕೆ ಹಿಡಿದು ತಿದ್ದಿ. ರಟ್ಟು ಸರಿಯಾದ ಮೇಲಷ್ಟೇ ಮರ ಮುಟ್ಟಿ. ಆಕಾರ ನಕಲು ಮಾಡಲೆಂದೇ ಅಂಗಡಿಯಲ್ಲಿ ಕಡ್ಡಿಗಳಿರುವ ಪ್ರೊಫೈಲ್ ಗೇಜ್ ಸಿಗುತ್ತದೆ, ಆದರೆ ದಪ್ಪ ಕಂಬಕ್ಕೆ ಅದರ ಕಡ್ಡಿ ಗಿಡ್ಡ. ಕಂಬಕ್ಕೆಂದು ಹಲಗೆಯಲ್ಲಿ ಕೊಯ್ಯುವ ಕಚ್ಚು ಅರ್ಧ ವೃತ್ತಕ್ಕಿಂತ ಜಾಸ್ತಿ ಆಗಬಾರದು. ಜಾಸ್ತಿಯಾದರೆ ಹಲಗೆ ಒಳಗೇ ಹೋಗದು.

ಮಳೆಗಾಲದಲ್ಲಿ ಮರ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ. ಹಲಗೆಯ ಮುಂದಿನ ಅಂಚು ಖಾಲಿ ಇದ್ದರೆ ಚಿಂತೆಯಿಲ್ಲ. ಹಿಂದೆ ಗೋಡೆ, ಮುಂದೆ ಕಂಬ, ಮಧ್ಯೆ ಹಲಗೆ ಅಂತಾದರೆ ಮಾತ್ರ ಕಂಬದ ಕಡೆ ಉಬ್ಬಲು ಸ್ವಲ್ಪ ಜಾಗ ಬಿಡಿ. ಏಪ್ರಿಲ್‌ನಲ್ಲಿ ಕೂರಿಸಿದರೆ ಮರ ಒಣಗಿರುತ್ತದೆ, ಇನ್ನಷ್ಟು ಬಿಡಿ.